ಫ್ರೀಬಿಎಸ್‌ಡಿ ಮುಂದೆ ಎತ್ತ ಸಾಗಬೇಕು: ಸರ್ವರ್ ಕೋಣೆಗೋ, ಲ್ಯಾಪ್‌ಟಾಪಿಗೋ?

ಘಟಪ್ರಭಾ (ಗೋಕಾಕ)

ಫ್ರೀಬಿಎಸ್‌ಡಿ ಎಂಬ ಯುನಿಕ್ಸ್ ವಂಶದ ಮುಕ್ತ ಕಾರ್ಯಾಚರಣ ವ್ಯವಸ್ಥೆಯ 15.0 ಆವೃತ್ತಿ ಬಂದಾಗಿನಿಂದ ನಮ್ಮವರಲ್ಲಿ ಈ ಮಾತು ಅಲ್ಲಲ್ಲಿ ಬಿಡಿಬಿಡಿಯಾಗಿ ನಡೆಯುತ್ತಿದೆ. ಒಂದೇ ಕಡೆ ಆಡಿ ಮುಗಿಸೋಣ ಎಂದು ಇಲ್ಲಿ ಎತ್ತುತ್ತಿದ್ದೇನೆ.

ನಾನು ಸಣ್ಣ ಇಂಟರ್‌ನೆಟ್ ಸೇವಾ ಸಂಸ್ಥೆಯೊಂದರಲ್ಲಿ ಗೇಟ್‌ವೇ ನೋಡಿಕೊಳ್ಳುವವನು. ಚಂದಾದಾರರ ದಟ್ಟಣೆಯೆಲ್ಲ ಫ್ರೀಬಿಎಸ್‌ಡಿ ಯಂತ್ರಗಳ ಮೂಲಕ ಹರಿಯುತ್ತದೆ. ಪಿಎಫ್ ಫೈರ್‌ವಾಲ್ ಮುಂದೆ, ಡಿಎನ್‌ಎಸ್ ಒಂದು ಜೈಲಿನಲ್ಲಿ (ಒಂದೇ ಯಂತ್ರದೊಳಗಿನ ಪ್ರತ್ಯೇಕ ಆವರಣ), ಬಿಲ್ಲಿಂಗ್ ಇನ್ನೊಂದು ಜೈಲಿನಲ್ಲಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವ ಊರು ನಮ್ಮದು. ಯುಪಿಎಸ್ ಕೈಕೊಟ್ಟ ರಾತ್ರಿಯೂ ಝಡ್‌ಎಫ್‌ಎಸ್ ಕಡತ ವ್ಯವಸ್ಥೆಯ ಡಿಸ್ಕುಗಳು ಎದ್ದು ನಿಂತಿವೆ. ಇಷ್ಟು ನೆಚ್ಚಿಕೊಂಡವನು ತಕರಾರು ತೆಗೆಯುತ್ತಿದ್ದಾನೆ ಎಂಬುದನ್ನು ನೆನಪಿಟ್ಟುಕೊಂಡು ಓದಿ.

2024ರಲ್ಲಿ ಫ್ರೀಬಿಎಸ್‌ಡಿ ಫೌಂಡೇಶನ್ ಮತ್ತು ಕ್ವಾಂಟಮ್ ಲೀಪ್ ರಿಸರ್ಚ್ ಸೇರಿ ಲ್ಯಾಪ್‌ಟಾಪ್ ಕೆಲಸಕ್ಕೆ 7,50,000 ಡಾಲರ್ ತೆಗೆದಿಟ್ಟವು. ವೈಫೈ, ಗ್ರಾಫಿಕ್ಸ್, ಧ್ವನಿ, ಮುಚ್ಚಳ ಮುಚ್ಚಿದರೆ ನಿದ್ರೆಗೆ ಹೋಗುವುದು, ಹೀಗೆ ಉದ್ದನೆಯ ಪಟ್ಟಿ. ಅದೇ ವರ್ಷ ಸರ್ವರ್ ನಡೆಸುವ ನಮಗೆ ಸಿಕ್ಕಿದ್ದೇನು? ಪ್ರತಿ ಮುಖ್ಯ ಆವೃತ್ತಿಗೆ ಇದ್ದ ಐದು ವರ್ಷದ ಬೆಂಬಲವನ್ನು 15ರಿಂದ ನಾಲ್ಕು ವರ್ಷಕ್ಕೆ ಇಳಿಸಲಾಗುವುದು ಎಂಬ ಪ್ರಕಟಣೆ. ಎರಡು ವರ್ಷಕ್ಕೊಂದು ಮುಖ್ಯ ಆವೃತ್ತಿ ಬರುತ್ತದಂತೆ. ಬರಲಿ. ಆದರೆ ರಾತ್ರಿ ಎರಡು ಗಂಟೆಗೆ ಗೇಟ್‌ವೇ ಮೇಲ್ದರ್ಜೆಗೆ ಏರಿಸುವವನು ನಾನೊಬ್ಬನೇ. ಬೆಳಿಗ್ಗೆ ಫೋನ್ ಎತ್ತುವವನೂ ನಾನೇ.

ನನ್ನ ಅಭಿಪ್ರಾಯ ನೇರವಾಗಿದೆ. ಡೆಸ್ಕ್‌ಟಾಪ್ ಆಸೆಯನ್ನು ಬಿಟ್ಟು, ಕೈಯಲ್ಲಿರುವ ಸರ್ವರ್ ಕೆಲಸವನ್ನು ಗಟ್ಟಿ ಮಾಡಿಕೊಳ್ಳಬೇಕು. ನೀವೇನನ್ನುತ್ತೀರಿ?

ಟಿಳಕವಾಡಿ (ಬೆಳಗಾವಿ)

ಅಣ್ಣಾ, ಕಹಿ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕೈಯಲ್ಲಿದೆ ಎಂದುಕೊಂಡ ಆ ಸರ್ವರ್ ಕೋಣೆಯೂ ಜಾರುತ್ತಿದೆ. ವಾಟ್ಸ್‌ಆಪ್ ಬೆಳೆದದ್ದು ಫ್ರೀಬಿಎಸ್‌ಡಿ ಮೇಲೆ. 2014ರಲ್ಲಿ ಫೇಸ್‌ಬುಕ್ ಕೊಂಡ ಬಳಿಕ ಕ್ರಮೇಣ ಲಿನಕ್ಸ್‌ಗೆ ಹೋಯಿತು. 2005ರಿಂದ ಫ್ರೀಬಿಎಸ್‌ಡಿಯ ಹೆಮ್ಮೆಯಾಗಿದ್ದ ಸ್ಟೋರೇಜ್ ವ್ಯವಸ್ಥೆ ಫ್ರೀನ್ಯಾಸ್ ಮುಂದೆ ಟ್ರೂನ್ಯಾಸ್ ಆಯಿತು, ಈಗ ಅದರ ಹೊಸ ಕೆಲಸವೆಲ್ಲ ಡೆಬಿಯನ್ ಲಿನಕ್ಸ್ ಆಧಾರದ ಆವೃತ್ತಿಯಲ್ಲಿ ನಡೆಯುತ್ತದೆ. ನಾನು ಸ್ಟೋರೇಜ್ ಕೆಲಸದಲ್ಲಿರುವವನು. ಗ್ರಾಹಕ ಬಂದು ಕೇಳುವುದು ಡಾಕರ್, ಕುಬರ್ನೆಟಿಸ್, ಅಂದರೆ ನಮ್ಮ ಜೈಲಿನಂಥದ್ದೇ ಕಂಟೇನರ್‌ಗಳನ್ನು ನಡೆಸುವ ಉಪಕರಣಗಳು. ಜೈಲುಗಳು 2000ದಲ್ಲೇ, 4.0 ಆವೃತ್ತಿಯಲ್ಲೇ ಬಂದವು ಎಂದು ನಾನು ಇತಿಹಾಸ ಹೇಳಿದರೆ ಆತ ಗೌರವದಿಂದ ತಲೆಯಾಡಿಸಿ ಲಿನಕ್ಸ್ ಹಾಕಿಸಿಕೊಂಡು ಹೋಗುತ್ತಾನೆ.

ಸರ್ವರ್ ಹೌದು, ಲ್ಯಾಪ್‌ಟಾಪ್ ಅಲ್ಲ ಎಂಬ ಜಗಳವೇ ತಡವಾಗಿದೆ ಎಂಬುದು ನನ್ನ ಅನಿಸಿಕೆ.

ಘಟಪ್ರಭಾ

ನೆಟ್‌ಫ್ಲಿಕ್ಸ್ ಮರೆತಿರಾ? ಲೋಕದ ಮೂಲೆಮೂಲೆಗೆ ವಿಡಿಯೊ ತಲುಪಿಸುವ ಅವರ ಓಪನ್ ಕನೆಕ್ಟ್ ಯಂತ್ರಗಳೆಲ್ಲ ಫ್ರೀಬಿಎಸ್‌ಡಿ. ಒಂದೇ ಸರ್ವರ್‌ನಿಂದ ಸೆಕೆಂಡಿಗೆ 800 ಗಿಗಾಬಿಟ್‌ವರೆಗೆ ಕಳಿಸಿ ತೋರಿಸಿದ್ದಾರೆ. ಕರ್ನಲ್ (ವ್ಯವಸ್ಥೆಯ ತಿರುಳು) ಒಳಗೇ ಟಿಎಲ್‌ಎಸ್ ಗೂಢಲಿಪೀಕರಣ, ಕಡತವನ್ನು ನೇರವಾಗಿ ನೆಟ್‌ವರ್ಕ್‌ಗೆ ಕಳಿಸುವ ಸೆಂಡ್‌ಫೈಲ್‌ನ ಸುಧಾರಣೆ, ಇವೆಲ್ಲ ಅಲ್ಲಿಂದಲೇ ನಮಗೂ ಬಂದವು.

ಟಿಳಕವಾಡಿ

ಮರೆತಿಲ್ಲ. ನೆಟ್‌ಫ್ಲಿಕ್ಸ್ ಓಡಿಸುವುದು ದಿನನಿತ್ಯ ಬದಲಾಗುವ ಮುಖ್ಯ ಶಾಖೆಯ ಕೋಡನ್ನು. ಅವರ ಬಳಿ ಅದಕ್ಕೆಂದೇ ಎಂಜಿನಿಯರ್‌ಗಳಿದ್ದಾರೆ. ಐದು ವರ್ಷವಿರಲಿ, ನಾಲ್ಕು ವರ್ಷವಿರಲಿ, ಅವರಿಗೆ ಲೆಕ್ಕಕ್ಕಿಲ್ಲ. ನಿಮ್ಮ ಕಷ್ಟ ಅವರ ಕಷ್ಟವಲ್ಲ. ಸೋನಿ ಪ್ಲೇಸ್ಟೇಷನ್ 4ರ ಒಳಗೂ ಫ್ರೀಬಿಎಸ್‌ಡಿಯಿಂದ ಹುಟ್ಟಿದ ವ್ಯವಸ್ಥೆಯೇ ಇದೆ. ಬಿಎಸ್‌ಡಿ ಲೈಸೆನ್ಸ್‌ನಲ್ಲಿ ತೆಗೆದುಕೊಂಡವರು ತಿರುಗಿ ಕೊಡಲೇಬೇಕೆಂಬ ಕರಾರಿಲ್ಲ. ಕೊಟ್ಟರೆ ಅವರ ಅನುಕೂಲಕ್ಕೆ ಕೊಡುತ್ತಾರೆ.

ವಿದ್ಯಾಗಿರಿ (ಬಾಗಲಕೋಟೆ)

ಇಬ್ಬರೂ ಕಂಪನಿಗಳ ಮಾತನ್ನೇ ಆಡುತ್ತಿದ್ದೀರಿ. ಈ ವ್ಯವಸ್ಥೆಯನ್ನು ನಾಳೆ ಬರೆಯುವವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ನಾನು ಪಾಠ ಮಾಡುವವಳು, ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ, ಸಹಿಸಿಕೊಳ್ಳಿ.

ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಕೋಡ್, ಅಂದರೆ ಬಿಎಸ್‌ಡಿ, ಇಂಟೆಲ್ 386 ಯಂತ್ರಗಳಿಗೆ ಬಂದದ್ದು ಸರಿಯಾದ ಹೊತ್ತಿಗೇ. ಆದರೆ 1992ರಲ್ಲಿ ಎಟಿ ಅಂಡ್ ಟಿಯ ಯುನಿಕ್ಸ್ ಅಂಗಸಂಸ್ಥೆ ಮೊಕದ್ದಮೆ ಹೂಡಿತು. ಮೊದಲು ಆ ಕೋಡನ್ನು ಮಾರುತ್ತಿದ್ದ ಬಿಎಸ್‌ಡಿಐ ಕಂಪನಿಯ ಮೇಲೆ, ಆಮೇಲೆ ವಿಶ್ವವಿದ್ಯಾಲಯದ ಮೇಲೂ. ರಾಜಿಯಾದದ್ದು 1994ರ ಆರಂಭದಲ್ಲಿ. 1993ರ ನವೆಂಬರ್‌ನಲ್ಲಿ 1.0 ತಂದಿದ್ದ ಫ್ರೀಬಿಎಸ್‌ಡಿಯವರು ತಕರಾರಿನ ಕೋಡನ್ನು ಕಿತ್ತು, 4.4ಬಿಎಸ್‌ಡಿ ಲೈಟ್ ಮೇಲೆ ಮತ್ತೆ ಕಟ್ಟಿ, 1994ರ ನವೆಂಬರ್‌ನಲ್ಲಿ 2.0 ಬಿಡುಗಡೆ ಮಾಡಬೇಕಾಯಿತು. ಅಷ್ಟರಲ್ಲಿ ಮನೆಯಲ್ಲಿ 386 ಇಟ್ಟುಕೊಂಡ ಹುಡುಗರು 1991ರಲ್ಲೇ ಹುಟ್ಟಿದ್ದ ಲಿನಕ್ಸ್ ಕಡೆ ಹೋಗಿದ್ದರು. ಆ ಹುಡುಗರೇ ಮುಂದೆ ಡ್ರೈವರ್ ಬರೆದರು, ಕಂಪನಿ ಕಟ್ಟಿದರು, ಟಿಳಕವಾಡಿ ಅವರ ಗ್ರಾಹಕ ಕೇಳುವ ಕಂಟೇನರ್ ಕಟ್ಟಿದರು. ಕೋಡಿನ ಗುಣ ನೋಡಿ ಯಾರೂ ಹೋಗಲಿಲ್ಲ. ಅವರ ಮೇಜಿನ ಮೇಲೆ ಯಾವುದು ಓಡುತ್ತಿತ್ತೋ ಅದರ ಹಿಂದೆ ಹೋದರು.

ಈಗ ನನ್ನ ಲ್ಯಾಬಿಗೆ ಬನ್ನಿ. ವಿಟಿಯು ಪಠ್ಯದಲ್ಲಿ ಯುನಿಕ್ಸ್ ಓದಿದ ಮಕ್ಕಳಲ್ಲಿ ಒಬ್ಬಿಬ್ಬರಿಗಾದರೂ ಅಸಲಿ ವಂಶದ ಯುನಿಕ್ಸ್ ಒಂದನ್ನು ಮುಟ್ಟಿ ನೋಡುವ ಹುಚ್ಚು ಇರುತ್ತದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡುತ್ತಾರೆ. ವೈಫೈ ಕಾಣುವುದಿಲ್ಲ. ಊಟದ ಬಿಡುವು ಮುಗಿಯುವುದರೊಳಗೆ ಉಬುಂಟು ಲಿನಕ್ಸ್ ಹಾಕಿಕೊಂಡಿರುತ್ತಾರೆ. ಆ ಮಗು ಮುಂದೆ ನಿಮ್ಮ ಗೇಟ್‌ವೇಯ ಪಿಎಫ್ ಸರಿಪಡಿಸಬಹುದಿತ್ತು, ಘಟಪ್ರಭಾ ಸರ್.

ಇನ್ನೂ ಒಂದು ಮಾತು. ದಾರಿ ಯಾವುದೆಂದು ನಾವು ಇಲ್ಲಿ ಎಷ್ಟು ಕೂಗಿದರೂ, ಫ್ರೀಬಿಎಸ್‌ಡಿ ಯೋಜನೆಯನ್ನು ನಡೆಸುವ ಒಂಬತ್ತು ಜನರ ಕೋರ್ ತಂಡವನ್ನು ಎರಡು ವರ್ಷಕ್ಕೊಮ್ಮೆ ಆರಿಸುವುದು ಕೋಡ್ ಸೇರಿಸುವ ಹಕ್ಕುಳ್ಳ ಕಮಿಟರ್‌ಗಳು ಮಾತ್ರ. ನಮ್ಮ ಮೂರು ಜಿಲ್ಲೆಗಳ ಸರ್ವರ್ ಕೋಣೆಗಳಲ್ಲಿ ಎಷ್ಟೇ ಯಂತ್ರಗಳು ಓಡಲಿ, ಮತ ಯಂತ್ರಗಳಿಗಿಲ್ಲ. ಕಮಿಟರ್ ಆಗುವವನು ಎಲ್ಲಿ ಶುರು ಮಾಡುತ್ತಾನೆ? ತನ್ನ ಲ್ಯಾಪ್‌ಟಾಪಿನಲ್ಲಿ.

ಹಳೆ ಬಾಗಲಕೋಟೆ

ಮೇಡಂ ಹೇಳಿದ್ದು ಸರಿ, ಆದರೆ ಮೇಜಿನ ಮೇಲೆ ಓಡುತ್ತಿದ್ದುದನ್ನು ಕಿತ್ತುಕೊಂಡದ್ದೂ ಫ್ರೀಬಿಎಸ್‌ಡಿಯವರೇ ಅಲ್ಲವೇ? ನನ್ನ 32 ಬಿಟ್ ಪೆಂಟಿಯಮ್ ಯಂತ್ರದಲ್ಲಿ ಇಂದಿಗೂ ಸಹಕಾರಿ ಸಂಘದ ಹಳೆಯ ಲೆಕ್ಕಪತ್ರ ಇದೆ. 15ರಲ್ಲಿ ಐ386, ಅಂದರೆ 32 ಬಿಟ್ ಪಿಸಿಗಳ ಆವೃತ್ತಿ, ಇಲ್ಲ. 13ರಲ್ಲಿ ಕಡಿಮೆ ಬೆಂಬಲದ ಎರಡನೆಯ ದರ್ಜೆಗೆ ಇಳಿಸಿದರು, 14ಕ್ಕೆ ಕೊನೆ ಮಾಡಿದರು.

ಮುಳುಗಡೆ ಊರಿನವರಿಗೆ ಇದರ ರೀತಿ ಚೆನ್ನಾಗಿ ಗೊತ್ತು. ಮೊದಲು ನೋಟಿಸ್ ಬರುತ್ತದೆ, ಯಾರೂ ನಂಬುವುದಿಲ್ಲ. ಆಮೇಲೆ ನೀರಿನ ಮಟ್ಟದ ಗುರುತು ಹಾಕುತ್ತಾರೆ, ಆಗಲೂ ಮನೆಗೆ ಸುಣ್ಣ ಬಳಿಯುವವರು ಬಳಿಯುತ್ತಲೇ ಇರುತ್ತಾರೆ. ನವನಗರದಲ್ಲಿ ರಸ್ತೆ ಅಗಲ, ನಲ್ಲಿ, ಚರಂಡಿ ಎಲ್ಲ ಇದೆ. ಆದರೆ ಹಳೆಯ ಪೇಟೆಯ ಅಂಗಡಿ ಅಲ್ಲಿಗೆ ಹೋಗಿ ನಡೆಯಿತೇ ಎಂದು ಕೇಳಿ ನೋಡಿ.

ವಿದ್ಯಾಗಿರಿ

ಕಾಕಾ, ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಈ ಒಂದು ವಿಷಯದಲ್ಲಿ ನಾನು ಅವರ ಪರ. ಫ್ರೀಬಿಎಸ್‌ಡಿಯ ಐ386ರಲ್ಲಿ ಕಾಲವನ್ನು ಎಣಿಸುವ ಸಂಖ್ಯೆ ಕೂಡ 32 ಬಿಟ್. 2038ರ ಜನವರಿ 19ಕ್ಕೆ ಅದು ತುಂಬಿ ಹೋಗುತ್ತದೆ. ಅವರು ಬೆಂಬಲಿಸುವ ಉಳಿದ ಪ್ರೊಸೆಸರ್ ಬಗೆಗಳಲ್ಲಿ ಈ ತೊಂದರೆ ಇಲ್ಲ. ಅದನ್ನು ಸರಿ ಮಾಡಲು ಹೊರಟರೆ ಹಳೆಯ ತಂತ್ರಾಂಶವೆಲ್ಲ ಒಡೆಯುತ್ತದೆ, ಮಾಡದಿದ್ದರೆ ತಾರೀಖು ಒಡೆಯುತ್ತದೆ. 14ರ ಬೆಂಬಲ 2028ರ ನವೆಂಬರ್‌ವರೆಗೆ ಇದೆ. 32 ಬಿಟ್ ಪ್ರೋಗ್ರಾಮ್‌ಗಳನ್ನು 64 ಬಿಟ್ ಕರ್ನಲ್ ಮೇಲೆ ಓಡಿಸುವ ಸೌಲಭ್ಯ 15ರಲ್ಲೂ ಉಳಿದಿದೆ. ಪೆಂಟಿಯಮ್ಮನ್ನೇ ಉಳಿಸಬೇಕು ಎಂದರೆ ಅದೇ ವಂಶದ ನೆಟ್‌ಬಿಎಸ್‌ಡಿ ಇದೆ. ಅವರಿಗೆ ಹಳೆಯ ಯಂತ್ರವೆಂದರೆ ಪ್ರಾಣ. ಲೆಕ್ಕಪತ್ರ ಯಾವ ತಂತ್ರಾಂಶದಲ್ಲಿದೆ ಹೇಳಿ, ಒಂದು ಭಾನುವಾರ ಬಂದು ಸಾಗಿಸಿಕೊಡುತ್ತೇನೆ.

ಹಳೆ ಬಾಗಲಕೋಟೆ

ಬನ್ನಿ. ಊಟ ಇಲ್ಲೇ.

ಗೋಳಗುಮ್ಮಟ (ವಿಜಯಪುರ)

ನಮಸ್ಕಾರ. ಮೇಡಂ ಹೇಳಿದ ಆ ವಿದ್ಯಾರ್ಥಿಯ ಪೈಕಿ ನಾನೂ ಒಬ್ಬ, ಆದರೆ ಉಬುಂಟುಗೆ ಮರಳಲಿಲ್ಲ. ಎರಡನೆಯ ಕೈಯ ಲ್ಯಾಪ್‌ಟಾಪಿನಲ್ಲಿ ದಿನವೂ ಫ್ರೀಬಿಎಸ್‌ಡಿ ಬಳಸುತ್ತೇನೆ. ಹಾಸ್ಟೆಲಿನಲ್ಲಿ ಮೊದಲ ಕೆಲವು ವಾರ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಇಂಟರ್‌ನೆಟ್ ತೆಗೆದುಕೊಂಡೆ. ಅದಕ್ಕೆ ಬೇಕಾದ ಡ್ರೈವರ್ ವ್ಯವಸ್ಥೆಯಲ್ಲೇ ಇದೆ, ಮಾಡ್ಯೂಲ್ ಲೋಡ್ ಮಾಡಿದರೆ ಸಾಕು. ಆಮೇಲೆ ವೈಫೈಬಾಕ್ಸ್ ಹಾಕಿದೆ.

ವೈಫೈಬಾಕ್ಸ್ ಎಂದರೆ ಏನೆಂದು ತಿಳಿದರೆ ನಗುತ್ತೀರಿ. ಬಿಹೈವ್ ವರ್ಚುವಲ್ ಯಂತ್ರದೊಳಗೆ ಪುಟ್ಟ ಲಿನಕ್ಸ್ ಒಂದನ್ನು ಕೂರಿಸಿ, ವೈಫೈ ಕಾರ್ಡನ್ನು ಅದಕ್ಕೆ ಒಪ್ಪಿಸಿ, ಅದರಿಂದ ನೆಟ್‌ವರ್ಕ್ ಪಡೆಯುವುದು. ಲಿನಕ್ಸ್ ಬೇಡವೆಂದು ಬಂದವನು ವೈಫೈಗಾಗಿ ಲಿನಕ್ಸನ್ನು ಮನೆಯೊಳಗೆ ಬಾಡಿಗೆಗೆ ಇಟ್ಟುಕೊಂಡಂತಾಯಿತು ಎಂದು ಕೋಣೆಯ ಗೆಳೆಯ ಇಂದಿಗೂ ಛೇಡಿಸುತ್ತಾನೆ.

2025ರ ಜೂನ್‌ನಲ್ಲಿ 14.3 ಬಂದಾಗ ಇಂಟೆಲ್ ವೈಫೈ ಡ್ರೈವರ್‌ಗೆ 802.11ಎನ್ ಮತ್ತು 802.11ಎಸಿ ವೇಗ ಬಂತು. ಅಲ್ಲಿಯವರೆಗೆ ಅದೇ ಕಾರ್ಡು 11ಜಿ ವೇಗದಲ್ಲಿ ತೆವಳುತ್ತಿತ್ತು. ವೈಫೈಬಾಕ್ಸ್ ತೆಗೆದುಹಾಕಿದೆ. ಲ್ಯಾಪ್‌ಟಾಪ್ ಹಣ ನೀರಿಗೆ ಹೋಯಿತು ಎನ್ನುವವರಿಗೆ ನನ್ನ ಬಳಿ ಇರುವ ಉತ್ತರ ಅಷ್ಟೇ.

ಕೊರತೆ ಇಲ್ಲವೆಂದಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹಳೆಯ ಎಸ್3 ನಿದ್ರೆಯನ್ನೇ ತೆಗೆದು ಎಸ್0ಐಎಕ್ಸ್ ಎಂಬ ಅರೆನಿದ್ರೆ ಕೊಡುತ್ತಾರೆ. ಅದು ಇಲ್ಲಿ ಇನ್ನೂ ಹದಕ್ಕೆ ಬಂದಿಲ್ಲ. ಅನುಸ್ಥಾಪನೆಯ ಹೊತ್ತಿಗೇ ಕೆಡಿಇ ಡೆಸ್ಕ್‌ಟಾಪ್ ಹಾಕಿಕೊಡುತ್ತೇವೆ ಎಂದು 15.0ಕ್ಕೆ ಹೇಳಿದ್ದರು, ಆಗಲಿಲ್ಲ, ಮುಂದೂಡಿದರು. ಬ್ಯಾಟರಿಯ ಮಾತು ಎತ್ತುವುದೇ ಬೇಡ.

ಟಿಳಕವಾಡಿ

ತಮ್ಮಾ, ಆ ಇಂಟೆಲ್ ಡ್ರೈವರ್ ಎಲ್ಲಿಂದ ಬಂತು? ಲಿನಕ್ಸ್‌ನಿಂದ. ಗ್ರಾಫಿಕ್ಸ್ ಡ್ರೈವರ್‌ಗಳು? ಅವೂ ಅಲ್ಲಿಯವೇ. ಲಿನಕ್ಸ್‌ಕೆಪಿಐ ಎಂಬ ಹೊಂದಾಣಿಕೆಯ ಪದರದ ಮೇಲೆ ಓಡುತ್ತವೆ. ಲಿನಕ್ಸ್ ಒಳಗಿನ ಇಂಟರ್‌ಫೇಸ್‌ಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ, ಬದಲಾಗುವುದಿಲ್ಲ ಎಂದು ಯಾರೂ ಭಾಷೆ ಕೊಟ್ಟಿಲ್ಲ. ಅಂದರೆ ಈ ಓಟಕ್ಕೆ ಕೊನೆಯಿಲ್ಲ. ಹಣ ಇರುವವರೆಗೆ ಓಡಬಹುದು. ಹಣ ನಿಂತ ಮರುವರ್ಷ ಹೊಸ ಲ್ಯಾಪ್‌ಟಾಪ್ ತಂದವನು ಮತ್ತೆ ಮೊಬೈಲ್ ಕೇಬಲ್ ಹುಡುಕುತ್ತಾನೆ.

ಗೋಳಗುಮ್ಮಟ

ಇದಕ್ಕೆ ನನ್ನ ಬಳಿ ಉತ್ತರವಿಲ್ಲ ಸರ್. ಆದರೆ ಗ್ರಾಫಿಕ್ಸ್ ವಿಷಯದಲ್ಲಿ ಆ ಓಟವನ್ನು ಅವರು ವರ್ಷಗಳಿಂದ ಓಡುತ್ತಲೇ ಬಂದಿದ್ದಾರೆ, ಈ ಹಣ ಬರುವ ಮೊದಲಿನಿಂದಲೂ.

ಘಟಪ್ರಭಾ

ಹುಡುಗನ ಮಾತು ಕೇಳಿ ನನ್ನ ತಕರಾರನ್ನು ಇನ್ನಷ್ಟು ಬಿಡಿಸಿ ಹೇಳಬೇಕೆನ್ನಿಸಿತು. ವೈಫೈ ಬರಲಿ, ಸಂತೋಷ. ನನ್ನ ನಿದ್ದೆ ಕೆಡಿಸಿರುವುದು ಪಿಕೆಜಿಬೇಸ್.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಷ್ಟು ವರ್ಷ ಫ್ರೀಬಿಎಸ್‌ಡಿಯ ಸೊಗಸು ಇದ್ದದ್ದೇ ಒಂದು ಗಡಿಯಲ್ಲಿ. ಕರ್ನಲ್, ಶೆಲ್, ಸಿ ಲೈಬ್ರರಿ, ಕಂಪೈಲರ್, ನೆಟ್‌ವರ್ಕ್ ಉಪಕರಣಗಳು, ಕೈಪಿಡಿ ಪುಟಗಳು, ಇಷ್ಟೂ ಸೇರಿ ಬೇಸ್ ಸಿಸ್ಟಮ್. ಒಂದೇ ತಂಡ ಜೋಡಿಸಿ ನೋಡಿಕೊಳ್ಳುವುದು, ಒಂದೇ ಜಾಗದಲ್ಲಿ ಇಟ್ಟು ಬೆಳೆಸುವುದು, ಒಟ್ಟಿಗೇ ಬಿಡುಗಡೆಯಾಗುವುದು. ನಾವು ಹಾಕಿಕೊಳ್ಳುವ ಉಳಿದದ್ದೆಲ್ಲ ಯುಎಸ್‌ಆರ್ ಲೋಕಲ್ ಫೋಲ್ಡರ್ ಕೆಳಗೆ, ಬೇರೆ ಗಂಟು. ಆ ಗಂಟನ್ನು ಪೂರ್ತಿ ಬಿಸಾಡಿದರೂ ಯಂತ್ರ ಏಳುತ್ತದೆ, ನೆಟ್‌ವರ್ಕ್ ಬರುತ್ತದೆ, ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಬಹುದು. ಊರ ಹೊರಗಿನ ಟವರ್ ಕೋಣೆಯಲ್ಲಿ ಯಂತ್ರ ಇಟ್ಟವನಿಗೆ ಇದರ ಬೆಲೆ ಗೊತ್ತು.

ಈಗ 15ರಲ್ಲಿ ಬೇಸ್ ಅನ್ನೂ ನೂರಾರು ಪ್ಯಾಕೇಜ್‌ಗಳಾಗಿ ಒಡೆದು ಆ ಗಂಟನ್ನು ನಿರ್ವಹಿಸುವ ಪಿಕೆಜಿ ಉಪಕರಣದ ಕೈಗೇ ಕೊಟ್ಟಿದ್ದಾರೆ. ಹಾಕಿದ ಪ್ಯಾಕೇಜ್‌ಗಳನ್ನೆಲ್ಲ ಒಮ್ಮೆಗೇ ಅಳಿಸಿ ಹೊಸದಾಗಿ ಶುರು ಮಾಡುವುದು ನಮ್ಮಂಥ ಹಳಬರ ಬೆರಳಿಗೆ ಅಂಟಿದ ರೂಢಿ. ಅದೇ ಆದೇಶ ನಾಳೆ ಬೇಸ್ ಮೇಲೂ ಕೈ ಹಾಕಿದರೆ? ಕರ್ನಲ್ಲನ್ನು ಟೊಮೆಟೊ ಬುಟ್ಟಿಯಲ್ಲಿ ಹಾಕಿ ಮಾರಬಾರದು.

ವಿದ್ಯಾಗಿರಿ

ಸರ್, ಅರ್ಧ ಒಪ್ಪುತ್ತೇನೆ. ಆದರೆ 15.0ರ ಅನುಸ್ಥಾಪಕ ಹಳೆಯ ವಿಧಾನವೋ ಪ್ಯಾಕೇಜ್ ವಿಧಾನವೋ ಎಂದು ಕೇಳುತ್ತದೆ, ಪ್ಯಾಕೇಜ್ ವಿಧಾನಕ್ಕೆ ಪ್ರಾಯೋಗಿಕ ಎಂಬ ಹಣೆಪಟ್ಟಿಯೂ ಇದೆ. ಯಾಕೆ ಮಾಡಿದರು ಎಂಬುದನ್ನೂ ನೋಡಿ. ಒಂದು ಜೈಲಿಗೆ ಇಡೀ ಬೇಸ್ ಸುರಿಯುವ ಬದಲು ಬೇಕಾದಷ್ಟೇ ಹಾಕಬಹುದು. ಟಿಳಕವಾಡಿ ಅವರ ಗ್ರಾಹಕರು ಕೇಳುವಂಥ ಕಂಟೇನರ್ ಇಮೇಜ್‌ಗಳು ಅದರಿಂದಲೇ ಸಣ್ಣವಾದವು. ಮೇಲ್ದರ್ಜೆಗೆ ಏರುವ ಮುನ್ನ ಝಡ್‌ಎಫ್‌ಎಸ್ ಬೂಟ್ ಎನ್ವಿರಾನ್‌ಮೆಂಟ್ (ವ್ಯವಸ್ಥೆಯ ಪ್ರತಿ) ಒಂದನ್ನು ತೆಗೆದಿಟ್ಟರೆ, ಕೆಟ್ಟಾಗ ಬೂಟ್ ಮೆನುವಿನಿಂದಲೇ ಹಿಂದಿನ ಸ್ಥಿತಿಗೆ ಹೋಗಬಹುದು. ಅದು 12.0ರಿಂದಲೂ ಬೇಸ್‌ನಲ್ಲೇ ಇದೆ.

ಘಟಪ್ರಭಾ

ಬೂಟ್ ಮೆನು ನೋಡಲು ಟವರ್ ಕೋಣೆಯಲ್ಲಿ ಮಾನಿಟರ್ ಇಟ್ಟವರು ಯಾರು ಮೇಡಂ?

ವಿದ್ಯಾಗಿರಿ

ಒಂದೇ ಬಾರಿ ಮಾತ್ರ ಹೊಸದನ್ನು ಪರೀಕ್ಷಿಸಿ, ಮತ್ತೆ ರೀಬೂಟ್ ಆದರೆ ತಾನೇ ಹಳೆಯದಕ್ಕೆ ಮರಳುವ ಆಯ್ಕೆಯೂ ಅದರಲ್ಲಿದೆ. ಅದನ್ನು ನಡೆಸುವ ಬಿಇಸಿಟಿಎಲ್ ಆದೇಶದ ಕೈಪಿಡಿ ಪುಟದಲ್ಲಿ ಆಕ್ಟಿವೇಟ್ ಭಾಗ ನೋಡಿ. ಕರೆಂಟ್ ತೆಗೆದು ಹಾಕಲು ವಾಚ್‌ಮನ್ ಸಾಕು.

ಬಸವನ ಬಾಗೇವಾಡಿ

ಎಲ್ಲರೂ ನೆಟ್‌ವರ್ಕ್ ಹಿಡಿದುಕೊಂಡಿದ್ದೀರಿ. ನಾನು ಡಿಟಿಪಿ ಮಾಡುವವನು: ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಚುನಾವಣೆ ಬಂದರೆ ಪಾಂಪ್ಲೆಟ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಾಗ ಹೊಸ ಯಂತ್ರ ಕೊಳ್ಳುವ ಬದಲು ಬೇರೆ ದಾರಿ ಹುಡುಕಿದೆ. ಭಾಣಜಿ ಒಬ್ಬಳು ಎಂಜಿನಿಯರಿಂಗ್ ಓದುತ್ತಾಳೆ, ಅವಳು ಫ್ರೀಬಿಎಸ್‌ಡಿ ಹಾಕಿಕೊಟ್ಟಳು.

ಸರ್ವರ್ ಪಕ್ಷದವರಿಗೆ ಒಂದು ಪ್ರಶ್ನೆ. ಬರೀ ಕನ್ಸೋಲ್‌ನಲ್ಲಿ (ಡೆಸ್ಕ್‌ಟಾಪ್ ಇಲ್ಲದ ಆದೇಶದ ಪರದೆ) ಕನ್ನಡ ಓದಿ ನೋಡಿದ್ದೀರಾ? ಅಲ್ಲಿ ಪ್ರತಿ ಸಂಕೇತಕ್ಕೆ ಒಂದು ಚೌಕ. ಒತ್ತಕ್ಷರವನ್ನು ಕೆಳಗೆ ಕೂರಿಸುವ ಜಾಣ್ಮೆ ಅದಕ್ಕಿಲ್ಲ. ಡೆಸ್ಕ್‌ಟಾಪ್ ಹಾಕಿ, ಅಕ್ಷರ ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶ ಕೆಲಸಕ್ಕೆ ಇಳಿದರೆ ಮಾತ್ರ ‘ಸ್ತ್ರೀ’ ಎಂದು ಬರೆದದ್ದು ಸ್ತ್ರೀಯಾಗಿ ಕಾಣುತ್ತದೆ. ಕೀಲಿಮಣೆಯ ಪಟ್ಟಿಯಲ್ಲಿ ಕಗಪ ವಿನ್ಯಾಸ ಸಿದ್ಧವಾಗಿತ್ತು, ನುಡಿಯಲ್ಲಿ ಪಳಗಿದ ಕೈಗೆ ಒಂದೇ ದಿನದಲ್ಲಿ ಹೊಂದಿತು. ಲಿಬ್ರೆಆಫೀಸ್, ಇಂಕ್‌ಸ್ಕೇಪ್ ಎರಡೂ ಓಡುತ್ತವೆ. ಹಳೆಯ, ಯುನಿಕೋಡ್ ಅಲ್ಲದ ಫಾಂಟಿನ ಕಡತಗಳೇ ತಲೆನೋವು. ಅದು ಫ್ರೀಬಿಎಸ್‌ಡಿಯ ತಪ್ಪಲ್ಲ, ಎಲ್ಲಿ ಹೋದರೂ ಬೆನ್ನು ಹತ್ತುತ್ತದೆ.

ಡೆಸ್ಕ್‌ಟಾಪ್ ಬೇಡವೆಂದರೆ ಕನ್ನಡವೂ ಬೇಡವೆಂದಂತೆ ಆಗುತ್ತದೆ, ನೋಡಿಕೊಳ್ಳಿ. ಅಂದ ಹಾಗೆ ನನ್ನ ಪ್ರಿಂಟರ್ ಇನ್ನೂ ಸರಿಯಾಗಿ ಹೊಂದಿಲ್ಲ. ಆ ವಿಷಯ ಬೇರೆ ಕಡೆ ಕೇಳುತ್ತೇನೆ.

ಟಿಳಕವಾಡಿ

ಬಾಗೇವಾಡಿಯವರೇ, ಇದೆಲ್ಲ ಡೆಬಿಯನ್‌ನಲ್ಲೂ ಹೀಗೆಯೇ ಬರುತ್ತದೆ, ಪ್ರಿಂಟರ್ ಸಮೇತ.

ಬಸವನ ಬಾಗೇವಾಡಿ

ಬರಬಹುದು. ಆದರೆ ಕೆಟ್ಟರೆ ಕೇಳಲು ಮನೆಯಲ್ಲಿ ಇರುವುದು ಫ್ರೀಬಿಎಸ್‌ಡಿ ಬಲ್ಲ ಹುಡುಗಿ.

ವಿದ್ಯಾಗಿರಿ

ನಾನು ಇಷ್ಟುದ್ದ ಬರೆದು ಹೇಳಲು ಹೊರಟದ್ದು ಇದನ್ನೇ! ಆ ಹುಡುಗಿಗೆ ಹೇಳಿ, ಗೂಗಲ್ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮದಲ್ಲಿ ಫ್ರೀಬಿಎಸ್‌ಡಿ 2005ರಿಂದಲೇ ಪಾಲ್ಗೊಂಡಿದೆ. ಗೋಳಗುಮ್ಮಟ, ನಿನಗೂ ಅದೇ ಮಾತು. ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಟಿಳಕವಾಡಿ ಅವರಿಗೂ ಒಂದು ಮಾತು: 2024ರಲ್ಲೇ ಜರ್ಮನಿಯ ಸಾವರಿನ್ ಟೆಕ್ ಫಂಡ್ 6,86,400 ಯೂರೊ ಕೊಟ್ಟಿತು. ಅದು ಲ್ಯಾಪ್‌ಟಾಪಿಗಲ್ಲ, ಭದ್ರತೆ, ಕೋಡ್ ಕಟ್ಟುವ ವಿಧಾನ, ಹಿಂದೆ ಅರೆಬರೆ ಬಿಟ್ಟ ಕೋಡನ್ನು ಸರಿಪಡಿಸುವುದು, ಇಂಥ ಕಣ್ಣಿಗೆ ಬೀಳದ ಕೆಲಸಕ್ಕೆ. ಒಂದಕ್ಕೆ ಕೊಟ್ಟದ್ದನ್ನು ಇನ್ನೊಂದರಿಂದ ಕಸಿದಿಲ್ಲ.

ಘಟಪ್ರಭಾ

ಹಣ ಕಸಿದಿಲ್ಲ, ಒಪ್ಪಿದೆ. ಗಮನ ಹಂಚಿಹೋಗುತ್ತದೆ. ಬಿಡುಗಡೆ ನೋಡಿಕೊಳ್ಳುವವರು ಅದೇ ಬೆರಳೆಣಿಕೆಯ ಜನ. ಬೆಂಬಲ ನಾಲ್ಕು ವರ್ಷಕ್ಕೆ ಇಳಿದದ್ದಕ್ಕೂ ಅದೇ ಕಾರಣ ಎಂದೇ ನನ್ನ ಗುಮಾನಿ. ಮುಂದೆ ಬೇಸ್‌ನಲ್ಲಿ ರಸ್ಟ್ ಭಾಷೆ ಬೇಕು ಎಂಬ ಚರ್ಚೆ ಬೇರೆ ನಡೆದಿದೆ. ಕ್ಲಾಂಗ್ ಕಂಪೈಲರ್ ಒಂದರಿಂದಲೇ ನನ್ನ ಹಳೆಯ ಯಂತ್ರದಲ್ಲಿ ಇಡೀ ವ್ಯವಸ್ಥೆ ಕಟ್ಟುವುದು ಹಗಲಿಡೀ ಹಿಡಿಯುತ್ತದೆ. ರಸ್ಟ್ ಕೂಡ ಬಂದರೆ ಹಗಲಿಗೆ ರಾತ್ರಿಯೂ ಸೇರುತ್ತದೆ.

ಗೋಳಗುಮ್ಮಟ

ರಸ್ಟ್‌ಗೆ ಬೇರೆ ಚರ್ಚೆ ತೆರೆಯೋಣ ಅಣ್ಣಾ, ಇಲ್ಲಿ ಶುರುವಾದರೆ ಮುಗಿಯುವುದಿಲ್ಲ. ಇಂದು ಹಾಸ್ಟೆಲಿನ ಇನ್ನೊಂದು ಲ್ಯಾಪ್‌ಟಾಪಿಗೆ 15.0 ಹಾಕಿದೆವು. ಇದು ರಿಯಲ್‌ಟೆಕ್ ವೈಫೈ. ಡ್ರೈವರ್ ಕಾರ್ಡನ್ನು ಗುರುತಿಸುತ್ತದೆ, ಸಂಪರ್ಕ ಮಾತ್ರ ನಿಲ್ಲುವುದಿಲ್ಲ. ಏನು ಮಾಡಬೇಕು?

ಘಟಪ್ರಭಾ

ಯಂತ್ರದ ಭಾಗಗಳನ್ನು ಪಟ್ಟಿ ಮಾಡುವ ಪಿಸಿಐಕಾನ್ಫ್ ಆದೇಶದ ವಿವರವಾದ ಫಲಿತಾಂಶ, ಕರ್ನಲ್ ಸಂದೇಶಗಳ ಡಿಮೆಸೇಜ್ ಪೂರ್ತಿ, ಕರ್ನಲ್ ಆವೃತ್ತಿ, ಈ ಮೂರನ್ನೂ ಒಂದು ಕಡತದಲ್ಲಿ ಹಾಕು. ರೌಟರ್ ಯಾವ ಚಾನೆಲ್‌ನಲ್ಲಿದೆ ಎಂಬುದನ್ನೂ ಬರೆ, 2.4 ಗಿಗಾಹರ್ಟ್ಸೋ 5 ಗಿಗಾಹರ್ಟ್ಸೋ ಎಂದು ಸ್ಪಷ್ಟವಾಗಿರಲಿ. ಆಮೇಲೆ ದೋಷಗಳ ದೂರು ದಾಖಲಿಸುವ ಬಗ್‌ಝಿಲ್ಲಾದಲ್ಲಿ ಅದೇ ಚಿಪ್‌ಗೆ ಈಗಾಗಲೇ ದೂರು ಇದೆಯೇ ಹುಡುಕು. ಇದ್ದರೆ ಹೊಸದು ತೆರೆಯಬೇಡ, ಅಲ್ಲೇ ಸೇರಿಸು. ಇಂಗ್ಲಿಷ್ ಬರೆಯಲು ಸಂಕೋಚವಾದರೆ ನನಗೆ ಕಳಿಸು, ತಿದ್ದಿ ಕೊಡುತ್ತೇನೆ.

ನಾಲ್ಕು ವರ್ಷದ ವಿಷಯದಲ್ಲಿ ನನ್ನ ತಕರಾರು ಇದ್ದ ಹಾಗೇ ಇದೆ.